ಒಪ್ಪಿಗೆಯೋ, ದಾವೆಯೋ, ಬರೀ ಜೀವನಾಂಶವೋ: ಫ್ಯಾಮಿಲಿ ಕೋರ್ಟ್ ಮೆಟ್ಟಿಲು ಹತ್ತುವ ಮುಂಚೆ

"ಅಕ್ಕಾ, ಮ್ಯೂಚುಯಲ್ ಹಾಕೋದಾ, ಇಲ್ಲಾ ನಾನೊಬ್ಬಳೇ ಕೇಸ್ ಹಾಕೋದಾ?"

ಈ ಪ್ರಶ್ನೆ ನನಗೆ ತಿಂಗಳಿಗೆ ಒಂದೆರಡು ಸಲವಾದರೂ ಬರುತ್ತದೆ. ನಾನು ವಕೀಲೆ ಅಲ್ಲ. ನನ್ನ ತಂಗಿಯ ಜೊತೆ ಎರಡೂವರೆ ವರ್ಷ ನಮ್ಮ ಜಿಲ್ಲೆಯ ಕೌಟುಂಬಿಕ ನ್ಯಾಯಾಲಯಕ್ಕೆ ಓಡಾಡಿದೆ. ಆಮೇಲೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್ (ಕಾನೂನು ನೆರವಿನ ಸ್ವಯಂಸೇವಕಿ) ಆಗಿ ಸೇರಿಕೊಂಡೆ. ಹಾಗಾಗಿ ಜನ ಕೇಳುತ್ತಾರೆ. ಹೆಣ್ಣುಮಕ್ಕಳು ಜಾಸ್ತಿ, ಗಂಡಸರೂ ಕೇಳುತ್ತಾರೆ.

ಕೇಳಿದವರಿಗೆಲ್ಲ ಮೊದಲು ಒಂದು ಮಾತು ಹೇಳುತ್ತೇನೆ. ಮದುವೆ ಮುಗಿಸುವುದು ಒಂದು ವಿಷಯ, ಮಗು ಯಾರ ಹತ್ತಿರ ಇರಬೇಕು ಅನ್ನುವುದು ಇನ್ನೊಂದು, ಖರ್ಚಿಗೆ ಹಣ ಮೂರನೆಯದು. ಕಾನೂನಿನಲ್ಲಿ ಈ ಮೂರಕ್ಕೂ ಬೇರೆ ಬೇರೆ ದಾರಿ ಇದೆ. ನಾವು ಮೂರನ್ನೂ ಒಂದೇ ಗಂಟು ಕಟ್ಟುತ್ತೇವೆ. "ಮಗೂನ ಕೊಟ್ಟರೆ ಜೀವನಾಂಶ ಬಿಡ್ತೀನಿ", "ಡೈವೋರ್ಸ್ ಕೊಡದಿದ್ರೆ ಮಗೂನ ತೋರಿಸಲ್ಲ". ವರ್ಷಗಟ್ಟಲೆ ಎಳೆದ ಕೇಸುಗಳಲ್ಲಿ ಇಂಥ ಗಂಟನ್ನು ನಾನು ಬಹಳ ನೋಡಿದ್ದೇನೆ.

ಇಲ್ಲಿ ಹೇಳುವುದು ಹೆಚ್ಚಾಗಿ ಹಿಂದೂ ವಿವಾಹ ಕಾಯ್ದೆ, 1955ರ ಪ್ರಕಾರ ಮದುವೆಯಾದವರ ದಾರಿಗಳು. ಮುಸ್ಲಿಮರಿಗೆ, ಕ್ರೈಸ್ತರಿಗೆ, ವಿಶೇಷ ವಿವಾಹ ಕಾಯ್ದೆಯಲ್ಲಿ ರಿಜಿಸ್ಟರ್ ಮದುವೆಯಾದವರಿಗೆ ವಿಚ್ಛೇದನದ ಕಾನೂನು ಬೇರೆ. ಆದರೆ ಮಗುವಿನ ವಿಷಯಕ್ಕೂ ಜೀವನಾಂಶಕ್ಕೂ ಅವರು ಬರುವುದು ಇದೇ ಕೋರ್ಟ್‌ಗೆ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಬೇಕಾದ್ದು

ಯಾವ ದಾರಿ ಅಂತ ನೋಡುವ ಮುಂಚೆ ಒಂದು ಹಾಳೆ ತೆಗೆದುಕೊಂಡು ಕೂತುಕೊಳ್ಳಿ. ಮನೆಯಲ್ಲಿ ನಿಮಗೆ, ಮಗುವಿಗೆ ಹೊಡೆತ ಬಡಿತದ ಭಯ ಇದೆಯಾ? ಇದ್ದರೆ ಬೇರೆಲ್ಲಾ ಪ್ರಶ್ನೆ ಆಮೇಲೆ. ಭಯ ಇಲ್ಲ ಅಂತಾದರೆ, ಮುಂದಿನ ಮೂರು ತಿಂಗಳು ಬಾಡಿಗೆ, ಹಾಲು, ಸ್ಕೂಲ್ ಫೀಸಿಗೆ ದುಡ್ಡು ಎಲ್ಲಿಂದ ಬರುತ್ತದೆ? ಮಗುವಿನ ವಯಸ್ಸೆಷ್ಟು, ಯಾವ ಶಾಲೆ, ಶಾಲೆ ಬಿಟ್ಟ ಮೇಲೆ ಯಾರು ನೋಡಿಕೊಳ್ಳುತ್ತಾರೆ? ಎದುರಿನವರ ಜೊತೆ ಕೂತು ಹತ್ತು ನಿಮಿಷ ಜಗಳ ಇಲ್ಲದೆ ಮಾತಾಡಲು ಆಗುತ್ತದಾ? ಕೊನೆಗೆ, ನಿಮಗೆ ಬೇಕಾದ್ದು ನಿಜವಾಗಿ ವಿಚ್ಛೇದನವಾ, ಅಥವಾ ಸದ್ಯಕ್ಕೆ ದೂರ ಇರುವುದು ಸಾಕಾ?

ಕೊನೇ ಪ್ರಶ್ನೆಗೆ ತುಂಬಾ ಜನ ಉತ್ತರ ಯೋಚಿಸಿರುವುದೇ ಇಲ್ಲ. ಅಣ್ಣ ಹೇಳಿದ, ಮಾವ ಹೇಳಿದರು, ವಕೀಲರು ಹೇಳಿದರು ಅಂತ ಅರ್ಜಿಗೆ ಸಹಿ ಹಾಕಿರುತ್ತಾರೆ. ಒಂದು ವಾರ ತಡವಾದರೂ ಪರವಾಗಿಲ್ಲ, ಇದಕ್ಕೆ ನಿಮ್ಮ ಸ್ವಂತ ಉತ್ತರ ಇರಲಿ.

ಇಬ್ಬರೂ ಒಪ್ಪಿ ಹಾಕುವ ಅರ್ಜಿ

ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್. ಕೋರ್ಟ್ ಕಾರಿಡಾರಿನಲ್ಲಿ ಎಲ್ಲರ ಬಾಯಲ್ಲೂ "ಮ್ಯೂಚುಯಲ್". ಇಬ್ಬರೂ ಒಂದು ವರ್ಷದಿಂದ ಬೇರೆ ಬದುಕುತ್ತಿರಬೇಕು. ಬೇರೆ ಅಂದರೆ ಬೇರೆ ಮನೆಯೇ ಆಗಬೇಕಿಲ್ಲ. ಗಂಡ ಹೆಂಡತಿಯಾಗಿ ಬಾಳುತ್ತಿಲ್ಲ ಅಂದರೆ ಒಂದೇ ಸೂರಿನ ಕೆಳಗಿದ್ದರೂ ಲೆಕ್ಕಕ್ಕೆ ಬರುತ್ತದೆ. ಇಬ್ಬರೂ ಸೇರಿ ಒಂದೇ ಅರ್ಜಿ ಹಾಕಬೇಕು. ಆರು ತಿಂಗಳಾದ ಮೇಲೆ, 18 ತಿಂಗಳೊಳಗೆ, ಮತ್ತೆ ಇಬ್ಬರೂ ಬಂದು "ಹೌದು, ನಮ್ಮ ತೀರ್ಮಾನ ಅದೇ" ಅನ್ನಬೇಕು. ಆಮೇಲೆ ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ.

ಆ ಆರು ತಿಂಗಳು ಕಾಯಲೇಬೇಕಾ ಅಂತ ಎಲ್ಲರೂ ಕೇಳುತ್ತಾರೆ. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಡಿಮೆ ಮಾಡುವ ಅಧಿಕಾರ ಫ್ಯಾಮಿಲಿ ಕೋರ್ಟ್‌ಗೆ ಇದೆ ಎಂದಿತು. ಆದರೆ ಸುಮ್ನೆ ಕೇಳಿದರೆ ಸಿಗಲ್ಲ. ಮೊದಲ ಅರ್ಜಿ ಹಾಕುವಷ್ಟರಲ್ಲಿ ಬೇರೆಯಾಗಿ ಒಂದೂವರೆ ವರ್ಷ ಆಗಿರಬೇಕು. ರಾಜಿ ಪ್ರಯತ್ನ ಮುರಿದು ಬಿದ್ದಿರಬೇಕು. ಮಗು, ಜೀವನಾಂಶ, ಬಾಕಿ ಇರುವುದೆಲ್ಲ ಇತ್ಯರ್ಥ ಆಗಿರಬೇಕು. ಕಾಯಿಸಿದರೆ ಸಂಕಟ ಹೆಚ್ಚುತ್ತದೆ, ಬೇರೇನೂ ಆಗುವುದಿಲ್ಲ ಅಂತ ನ್ಯಾಯಾಧೀಶರಿಗೆ ಅನ್ನಿಸಬೇಕು.

ಇದರ ಲಾಭ ದೊಡ್ಡದು. ಯಾರೂ ಯಾರ ಮೇಲೂ ಆರೋಪ ಹೊರಿಸಬೇಕಿಲ್ಲ. ಸಾಕ್ಷಿ ಇಲ್ಲ, ಪಾಟೀಸವಾಲು ಇಲ್ಲ. ಖರ್ಚು ಕಡಿಮೆ. ಒಪ್ಪಿಗೆ ಡಿಕ್ರಿಯ ಮೇಲೆ ಮೇಲ್ಮನವಿಯೂ ಇಲ್ಲ, ಮುಗಿಯಿತು ಅಂದರೆ ಮುಗಿಯಿತು. ಮಗು ದೊಡ್ಡದಾದ ಮೇಲೆ ಕೋರ್ಟ್ ಕಾಗದ ಓದಿದರೂ ಅದರಲ್ಲಿ ಅಪ್ಪ ಅಮ್ಮನ ಬಗ್ಗೆ ಕೆಟ್ಟ ಮಾತು ಇರುವುದಿಲ್ಲ. ಈ ಕೊನೆಯ ಲಾಭಕ್ಕೆ ನಾನು ತುಂಬಾ ಬೆಲೆ ಕೊಡುತ್ತೇನೆ.

ತೊಂದರೆಯೂ ಇದೆ. ಡಿಕ್ರಿ ಆಗುವವರೆಗೆ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಹೀಗಾಗಿ ಹಣದ ಮಾತಿದ್ದರೆ ಕಂತನ್ನು ಅರ್ಜಿಯ ಹಂತಕ್ಕೆ ಜೋಡಿಸಿ: ಮೊದಲ ದಿನ ಇಷ್ಟು, ಡಿಕ್ರಿ ದಿನ ನ್ಯಾಯಾಧೀಶರ ಎದುರೇ ಡಿ.ಡಿ. ಮೂಲಕ ಉಳಿದದ್ದು. ಒಡವೆ ವಾಪಸ್ ಕೊಡುವುದಿದ್ದರೆ ತೂಕದ ಸಮೇತ ಪಟ್ಟಿ ಬರೆಸಿ. "ಕೊಡಬೇಕಾದ್ದೆಲ್ಲ ಕೊಡುತ್ತೇನೆ" ಅನ್ನುವ ಒಂದು ಸಾಲು ಯಾವ ಕೆಲಸಕ್ಕೂ ಬಾರದು.

ಇನ್ನೊಂದು ಅಪಾಯ ಕಾಣುವುದೇ ಇಲ್ಲ. ಬೇಗ ಬಿಡುಗಡೆ ಸಿಕ್ಕರೆ ಸಾಕು ಅಂತ ಮಗುವಿನ ಪಾಲನ್ನೂ ಬಿಟ್ಟುಕೊಡುವುದು. ನಿಮ್ಮ ಜೀವನಾಂಶ ಬೇಡ ಅನ್ನುವ ಹಕ್ಕು ನಿಮಗಿದೆ. ಮಗುವಿನದ್ದು ಮಗುವಿನ ಹಕ್ಕು. ಅದನ್ನು ಅಪ್ಪ ಅಮ್ಮ ಚೌಕಾಸಿಗೆ ಇಡಬಾರದು.

ಒಬ್ಬರೇ ಹಾಕುವ ದಾವೆ

ಎದುರಿನವರು ಒಪ್ಪದಿದ್ದರೆ ಸೆಕ್ಷನ್ 13. ಇಲ್ಲಿ ಕಾರಣ ಬೇಕು, ಕಾರಣಕ್ಕೆ ಸಾಕ್ಷ್ಯ ಬೇಕು. ಕ್ರೌರ್ಯ, ಎರಡು ವರ್ಷ ಬಿಟ್ಟುಹೋಗಿರುವುದು, ಪರಸಂಗ, ಮತಾಂತರ, ಗುಣವಾಗದ ಮಾನಸಿಕ ಕಾಯಿಲೆ, ಏಳು ವರ್ಷದಿಂದ ಬದುಕಿರುವ ಸುದ್ದಿಯೇ ಇಲ್ಲದಿರುವುದು, ಹೀಗೆ ಪಟ್ಟಿ ಇದೆ. "ನಮಗೆ ಹೊಂದಿಕೆ ಆಗ್ತಿಲ್ಲ" ಅನ್ನುವುದು ಆ ಪಟ್ಟಿಯಲ್ಲಿಲ್ಲ. ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಅಂತ ಬಿಡುಗಡೆ ಕೊಡಬಹುದು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಆದರೆ ಅದು ಸಂವಿಧಾನದ 142ನೇ ವಿಧಿಯಲ್ಲಿ ಸುಪ್ರೀಂ ಕೋರ್ಟ್‌ಗೆ ಮಾತ್ರ ಇರುವ ಅಧಿಕಾರ. ಫ್ಯಾಮಿಲಿ ಕೋರ್ಟ್‌ನಲ್ಲಿ ಅದನ್ನು ತೋರಿಸಿ ಡಿಕ್ರಿ ಕೇಳಲು ಬರುವುದಿಲ್ಲ. ಮದುವೆಯಾಗಿ ಒಂದು ವರ್ಷ ಆಗುವವರೆಗೆ, ತೀರಾ ವಿಶೇಷ ಸಂಕಷ್ಟ ಬಿಟ್ಟರೆ, ಅರ್ಜಿ ಹಾಕುವಂತೆಯೇ ಇಲ್ಲ.

ಸಮಯ ಎಷ್ಟು ಹಿಡಿಯುತ್ತದೆ ಅಂತ ಯಾರೂ ಖಚಿತವಾಗಿ ಹೇಳಲಾರರು. ನನ್ನ ತಂಗಿಗೆ ಮೊದಲ ವಕೀಲರು "ಆರು ತಿಂಗಳ ಕೆಲಸ ಅಮ್ಮಾ" ಅಂದಿದ್ದರು. ಆರು ತಿಂಗಳಲ್ಲಿ ಎದುರಿನವರಿಗೆ ನೋಟಿಸ್ ಮುಟ್ಟಿ, ಅವರ ವಕಾಲತ್ತು ಬಿದ್ದು, ಆಕ್ಷೇಪಣೆ ಬಂದಿತ್ತು ಅಷ್ಟೇ. ಆಮೇಲೆ ಮಧ್ಯಸ್ಥಿಕೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಸಾಕ್ಷ್ಯ, ಪಾಟೀಸವಾಲು, ವಾದ. ಒಂದೊಂದಕ್ಕೂ ವಾಯಿದೆ. ಪಾಟೀಸವಾಲಿನ ದಿನ ಎದುರಿನ ವಕೀಲರು ನಿಮ್ಮ ವಾಟ್ಸಾಪ್ ಮೆಸೇಜುಗಳನ್ನು ಓದಿ ಓದಿ ಕೇಳುತ್ತಾರೆ. ಬಾಗಿಲು ಮುಚ್ಚಿ ವಿಚಾರಣೆ ನಡೆಸಿ ಅಂತ ಕೇಳುವ ಅವಕಾಶ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲೇ ಇದೆ. ಕೇಳಿಕೊಳ್ಳಿ, ಸಂಕೋಚ ಬೇಡ.

ಇಷ್ಟೆಲ್ಲಾ ಇದ್ದರೂ ಕೆಲವರಿಗೆ ಇದೇ ಸರಿಯಾದ ದಾರಿ. ಎದುರಿನವರು ಕಣ್ಣಿಗೇ ಬೀಳುತ್ತಿಲ್ಲ, ಫೋನ್ ಎತ್ತುತ್ತಿಲ್ಲ, ಒಪ್ಪಿಗೆಯನ್ನೇ ಬೆದರಿಕೆಯ ಅಸ್ತ್ರ ಮಾಡಿಕೊಂಡಿದ್ದಾರೆ ಅಂದರೆ "ಮ್ಯೂಚುಯಲ್‌ಗೆ ಬರಲಿ" ಅಂತ ವರ್ಷಗಟ್ಟಲೆ ಕಾಯುವುದರಲ್ಲಿ ಅರ್ಥವಿಲ್ಲ. ದಾವೆ ಹಾಕಿದರೆ ಹೆಂಡತಿ ಅಥವಾ ಗಂಡ, ಯಾರಿಗೆ ಸಾಕಷ್ಟು ಆದಾಯ ಇಲ್ಲವೋ ಅವರು ಸೆಕ್ಷನ್ 24ರಲ್ಲಿ ಮಧ್ಯಂತರ ಜೀವನಾಂಶ ಮತ್ತು ಕೇಸಿನ ಖರ್ಚು ಕೇಳಬಹುದು. ಹೆಂಡತಿ ತಾನೀಗ ವಾಸವಿರುವ ಊರಿನ ಕೋರ್ಟ್‌ನಲ್ಲೇ ಅರ್ಜಿ ಹಾಕಬಹುದು. ತವರಿಗೆ ಬಂದವರಿಗೆ ಇದು ದೊಡ್ಡ ಅನುಕೂಲ.

ಒಮ್ಮೆ ದಾವೆ ಹಾಕಿದರೆ ಕೊನೆತನಕ ಕಾದಾಡಲೇಬೇಕು ಅಂತೇನಿಲ್ಲ. ನಡುವೆ ಯಾವಾಗ ಬೇಕಾದರೂ ಅದು ಒಪ್ಪಿಗೆಯ ಅರ್ಜಿಗೆ ತಿರುಗಬಹುದು. ನನ್ನ ತಂಗಿಯದ್ದು ಆದದ್ದು ಹಾಗೇ. ಬೆಂಗಳೂರಿನಲ್ಲಿ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಮಧ್ಯಸ್ಥಿಕೆ ಕೇಂದ್ರ ಇದೆ, ಜಿಲ್ಲಾ ಕೋರ್ಟ್‌ಗಳಲ್ಲೂ ಇವೆ. ಅಲ್ಲಿ ಆಡಿದ ಮಾತು ಗುಟ್ಟಾಗಿಯೇ ಉಳಿಯುತ್ತದೆ, ನಾಳೆ ಸಾಕ್ಷ್ಯವಾಗಿ ಬಳಸುವಂತಿಲ್ಲ. ಹೀಗಾಗಿ "ಮಧ್ಯಸ್ಥಿಕೆಗೆ ಹೋದರೆ ಸೋತ ಹಾಗೆ" ಅಂದುಕೊಳ್ಳಬೇಡಿ. ಮಗು ಇರುವ ಮನೆಗಳಿಗಂತೂ ನಾನು ಇದನ್ನೇ ಮೊದಲು ಹೇಳುತ್ತೇನೆ.

ಮದುವೆ ಉಳಿದು ದೂರ ಇರುವ ದಾರಿ

ಜುಡಿಶಿಯಲ್ ಸೆಪರೇಷನ್, ಸೆಕ್ಷನ್ 10. ಕಾರಣಗಳು ವಿಚ್ಛೇದನದ್ದೇ. ಸಾಕ್ಷ್ಯವೂ ಬೇಕು. ಡಿಕ್ರಿ ಸಿಕ್ಕರೆ ಜೊತೆಗೆ ಬಾಳಬೇಕಾದ ಕರ್ತವ್ಯ ಇಲ್ಲ, ಮದುವೆ ಮಾತ್ರ ಉಳಿದಿರುತ್ತದೆ. ಮರುಮದುವೆ ಆಗುವಂತಿಲ್ಲ. ಡಿಕ್ರಿಯಾಗಿ ಒಂದು ವರ್ಷ ಕಳೆದರೂ ಒಂದಾಗದಿದ್ದರೆ ಅದನ್ನೇ ಕಾರಣವಾಗಿಟ್ಟುಕೊಂಡು ಇಬ್ಬರಲ್ಲಿ ಯಾರಾದರೂ ವಿಚ್ಛೇದನ ಕೇಳಬಹುದು. ಮನಸ್ಸು ಇನ್ನೂ ಅತ್ತಿತ್ತ ಇರುವವರಿಗೆ, ಮನೆಯಲ್ಲಿ ವಿಚ್ಛೇದನ ಅನ್ನುವ ಪದಕ್ಕೇ ಒಪ್ಪದ ಹಿರಿಯರಿರುವವರಿಗೆ ಇದು ಹೊಂದುತ್ತದೆ. ಉಳಿದವರಿಗೆ ಎರಡು ಸಲ ಕೋರ್ಟ್ ಸುತ್ತುವ ಕೆಲಸ.

ವಿಚ್ಛೇದನ ಕೇಳದೆ ಹಣ ಮತ್ತು ರಕ್ಷಣೆ ಮಾತ್ರ

ನನ್ನ ಬಳಿ ಬರುವ ಅರ್ಧದಷ್ಟು ಹೆಣ್ಣುಮಕ್ಕಳಿಗೆ ತಕ್ಷಣ ಬೇಕಿರುವುದು ಇದು. ಆದರೆ ಹೀಗೊಂದು ದಾರಿ ಇದೆ ಅಂತಲೇ ಗೊತ್ತಿರುವುದಿಲ್ಲ.

ಮೊದಲನೆಯದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿ.ಆರ್.ಪಿ.ಸಿ.) ಸೆಕ್ಷನ್ 125, ಜೀವನಾಂಶದ್ದು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144 ಆಗಿದೆ. ಜನ, ವಕೀಲರು ಈಗಲೂ "ಒನ್ ಟ್ವೆಂಟಿಫೈವ್" ಅಂತಲೇ ಅನ್ನುತ್ತಾರೆ. ಯಾವ ಧರ್ಮದವರಾದರೂ ಹಾಕಬಹುದು. ಹೆಂಡತಿ, ಮಕ್ಕಳು, ವಯಸ್ಸಾದ ತಂದೆತಾಯಿ ಕೂಡ. ವಿಚ್ಛೇದನ ಆಗಿ ಮರುಮದುವೆ ಆಗದವರೂ ಕೇಳಬಹುದು. ಮಧ್ಯಂತರ ಅರ್ಜಿಯನ್ನು ನೋಟಿಸ್ ಮುಟ್ಟಿದ 60 ದಿನದಲ್ಲಿ, ಸಾಧ್ಯವಾದ ಮಟ್ಟಿಗೆ, ತೀರ್ಮಾನಿಸಬೇಕು ಅಂತ ಕಾನೂನೇ ಹೇಳುತ್ತದೆ. ಕೊಡದಿದ್ದರೆ ವಾರಂಟ್, ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಒಂದು ಎಚ್ಚರಿಕೆ: ಬಾಕಿ ವಸೂಲಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. "ಒಟ್ಟಿಗೆ ಕೇಳೋಣ" ಅಂತ ಮೂರು ವರ್ಷ ಸುಮ್ಮನಿದ್ದವರು ಹಣ ಕಳೆದುಕೊಂಡಿದ್ದನ್ನು ಕಂಡಿದ್ದೇನೆ.

ಎರಡನೆಯದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, ಎಲ್ಲರೂ ಕರೆಯುವುದು ಡಿ.ವಿ. ಇದರಲ್ಲಿ ಹಣದ ಜೊತೆ ಮನೆಯೂ ಸಿಗುತ್ತದೆ. ನೀವು ಬಾಳಿದ ಮನೆಯಿಂದ ನಿಮ್ಮನ್ನು ಹೊರಗೆ ಹಾಕದಂತೆ ಆದೇಶ, ಹತ್ತಿರ ಬರದಂತೆ ರಕ್ಷಣಾ ಆದೇಶ, ಮಗುವಿನ ತಾತ್ಕಾಲಿಕ ಕಸ್ಟಡಿ, ಒಡವೆ ವಾಪಸ್. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ವಾಸದ ಹಕ್ಕು ಕೇಳಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತುರ್ತು ಇದ್ದರೆ ಎದುರಿನವರನ್ನು ಕೇಳುವ ಮುಂಚೆಯೇ ಮಧ್ಯಂತರ ಆದೇಶ ಕೊಡಬಹುದು. ರಕ್ಷಣಾ ಆದೇಶ ಮುರಿದರೆ ಅದು ಅಪರಾಧ. ಕರ್ನಾಟಕದಲ್ಲಿ ತಾಲೂಕಿನ ಸಿ.ಡಿ.ಪಿ.ಒ. (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ರಕ್ಷಣಾಧಿಕಾರಿ. ಅಂಗನವಾಡಿ ಟೀಚರ್‌ಗೆ ಅವರ ಕಚೇರಿ ಎಲ್ಲಿದೆ ಅಂತ ಗೊತ್ತಿರುತ್ತದೆ. ತೊಂದರೆಯಲ್ಲಿರುವ ಹೆಣ್ಣುಮಕ್ಕಳಿಗಾಗಿ ಇರುವ ಸಾಂತ್ವನ ಕೇಂದ್ರಕ್ಕೆ ಹೋಗಬಹುದು, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು.

ಭಯ ಇರುವವರು ಇಲ್ಲಿಂದಲೇ ಶುರುಮಾಡಿ. ವಿಚ್ಛೇದನದ ಯೋಚನೆ ಆಮೇಲೆ ಮಾಡಿದರಾಯಿತು. ಭಯ ಇಲ್ಲ, ಹಣ ಮಾತ್ರ ಬೇಕು ಅನ್ನುವವರಿಗೆ 144 ಸರಳ. ಎರಡೂ ಕಡೆ ಕೇಳಬಹುದು, ಆದರೆ ಒಂದು ಕಡೆ ಸಿಕ್ಕ ಮೊತ್ತವನ್ನು ಇನ್ನೊಂದು ಕಡೆ ತಿಳಿಸಲೇಬೇಕು. ಅದನ್ನು ಲೆಕ್ಕಕ್ಕೆ ಹಿಡಿದೇ ಆದೇಶ ಮಾಡುತ್ತಾರೆ.

ಹಳ್ಳಿಗಳಲ್ಲಿ ಇನ್ನೂ ನಡೆಯುವ ಇನ್ನೊಂದು ದಾರಿ ಇದೆ: ಊರ ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ಬಿಡುಗಡೆ ಪತ್ರ. ಅಗ್ಗ, ಒಂದೇ ದಿನದ ಕೆಲಸ. ಆದರೆ ಅದರಿಂದ ಮದುವೆ ಮುಗಿಯುವುದಿಲ್ಲ. ಸಮುದಾಯದಲ್ಲಿ ಅಂಥ ರೂಢಿ ಹಿಂದಿನಿಂದ ಇದೆ ಅಂತ ಕೋರ್ಟ್‌ನಲ್ಲಿ ಸಾಬೀತು ಮಾಡಿದರೆ ಮಾತ್ರ ಬೆಲೆ. ಆ ಕಾಗದ ನಂಬಿ ಮರುಮದುವೆ ಮಾಡಿಕೊಂಡು ಎರಡನೇ ಸಂಸಾರವೂ ತೂಗಾಡಿದ್ದುಂಟು. ಅದರಲ್ಲಿ "ಇಬ್ಬರೂ ಒಪ್ಪಿ ಬೇರೆ ಇದ್ದೇವೆ" ಅಂತ ಬರೆದಿದ್ದರೆ ನಾಳೆ 144ರ ಜೀವನಾಂಶಕ್ಕೆ ಅದೇ ಅಡ್ಡಿ ಬರಬಹುದು. ಹಿರಿಯರು ಮಾತಾಡಿ ಇಬ್ಬರನ್ನೂ ಒಪ್ಪಿಸಲಿ, ತುಂಬಾ ಒಳ್ಳೆಯದು. ಒಪ್ಪಿದ್ದನ್ನು 13ಬಿ ಅರ್ಜಿಯಾಗಿ ಕೋರ್ಟ್‌ಗೆ ತನ್ನಿ.

ಮಗು ಯಾರ ಹತ್ತಿರ

ನಮ್ಮ ಕೋರ್ಟ್‌ನಲ್ಲಿ ಮಕ್ಕಳ ಕೋಣೆ ಅಂತ ಒಂದಿತ್ತು. ಒಂದು ಪ್ಲಾಸ್ಟಿಕ್ ಜಾರುಬಂಡೆ, ಗೋಡೆ ಮೇಲೆ ಆನೆ ಚಿತ್ರ, ಎರಡು ಬೆಂಚು. ಮಧ್ಯಂತರ ಆದೇಶದ ಪ್ರಕಾರ ನನ್ನ ತಂಗಿಯ ಮಗಳು ತಿಂಗಳಲ್ಲಿ ಎರಡು ಶನಿವಾರ ಅಲ್ಲಿ ಅಪ್ಪನನ್ನು ನೋಡಬೇಕಿತ್ತು. ಅವಳಿಗೆ ಆಗ ಆರು ವರ್ಷ. ಮೊದಲ ಸಲ ಅವಳಪ್ಪ ಅವಳಿಗಿಷ್ಟ ಅಂತ ಕೋಡುಬಳೆ ಡಬ್ಬಿ ತಂದಿದ್ದರು. ಅವಳು ಒಂದು ಕೋಡುಬಳೆ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದ ನಮ್ಮನ್ನು ನೋಡಿದಳು. ತಿನ್ನಲಿಲ್ಲ. ತಿಂದರೆ ಅಮ್ಮನಿಗೆ ಬೇಜಾರಾಗಬಹುದಾ ಅಂತ ಆ ಮುಖದಲ್ಲಿ ಬರೆದಿತ್ತು. ತಂಗಿಯೇ ಹತ್ತಿರ ಹೋಗಿ "ತಿನ್ನು ಪುಟ್ಟಿ, ಅಪ್ಪ ನಿನಗೇ ತಂದಿರೋದು" ಅಂದಳು. ಆಮೇಲೆ ಮಗು ಕೂತುಕೊಂಡು ತಿಂದಿತು. ಅವತ್ತು ಮನೆಗೆ ಬಂದ ಮೇಲೆ ನಮ್ಮಿಬ್ಬರಿಗೂ ಈ ಕೇಸಿನ ಬಗ್ಗೆ ಯೋಚನೆಯೇ ಬದಲಾಯಿತು.

ಕಾನೂನು ಹೇಳುವುದೂ ಅದನ್ನೇ: ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಅಂತ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದೆ. "ಸಾಮಾನ್ಯವಾಗಿ" ಅನ್ನುವ ಪದಕ್ಕೆ ಅರ್ಥ ಇದೆ, ಅದು ಬದಲಾಗದ ನಿಯಮವಲ್ಲ. ಐದು ತುಂಬಿದ ಕೂಡಲೇ ಮಗು ಅಪ್ಪನಿಗೆ ಹೋಗುತ್ತದೆ ಅನ್ನುವುದೂ ಸುಳ್ಳು. ತಾಯಿಗೆ ಸಂಬಳ ಕಡಿಮೆ ಅನ್ನುವ ಒಂದೇ ಕಾರಣಕ್ಕೆ ಮಗುವನ್ನು ಕಿತ್ತುಕೊಳ್ಳುವುದಿಲ್ಲ, ಆ ಕೊರತೆ ತುಂಬಲೆಂದೇ ಜೀವನಾಂಶ ಇರುವುದು. ಮಗುವಿಗೆ ತಿಳಿವಳಿಕೆ ಬಂದಿದ್ದರೆ ನ್ಯಾಯಾಧೀಶರು ತಮ್ಮ ಕೋಣೆಗೆ ಕರೆದು ಮಾತಾಡಿಸುತ್ತಾರೆ. ಹೇಳಿಕೊಟ್ಟ ಮಾತು ಅವರಿಗೆ ಗೊತ್ತಾಗುತ್ತದೆ. ದಯವಿಟ್ಟು ಮಗುವಿಗೆ ಪಾಠ ಹೇಳಿಕೊಡಬೇಡಿ.

ಹೆಚ್ಚಾಗಿ ಆಗುವ ಏರ್ಪಾಡು: ಮಗು ಒಬ್ಬರ ಮನೆಯಲ್ಲಿ, ಇನ್ನೊಬ್ಬರಿಗೆ ವಾರಾಂತ್ಯ ಮತ್ತು ರಜೆಯ ಒಂದು ಭಾಗ. ಶಾಲೆ ಬದಲಾಗುವುದಿಲ್ಲ, ಸ್ನೇಹಿತರು ಉಳಿಯುತ್ತಾರೆ. ಇಬ್ಬರ ಊರು ದೂರ ಇದ್ದರೆ ಬೇರೆ ದಾರಿಯೇ ಇಲ್ಲ. ಆದರೆ ಇನ್ನೊಬ್ಬರು ನಿಧಾನವಾಗಿ ನೆಂಟರ ಹಾಗೆ ಆಗಿಬಿಡುತ್ತಾರೆ. ಅದನ್ನು ತಡೆಯಲು ರಾತ್ರಿ ಉಳಿಯುವ ಭೇಟಿ ಕೇಳಿ, ವಾರದ ನಡುವೆ ವಿಡಿಯೋ ಕಾಲ್ ಕೇಳಿ. ದೂರ ಇರುವ ತಂದೆ ಅಥವಾ ತಾಯಿಗೆ ವಿಡಿಯೋ ಕಾಲ್ ಮೂಲಕ ಸಂಪರ್ಕ ಸಿಗಬೇಕು ಅಂತ 2020ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಮೆರಿಕದಲ್ಲೋ ದುಬೈನಲ್ಲೋ ಇರುವ ನಮ್ಮವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು, ಇಬ್ಬರಲ್ಲೂ ಹಂಚಿಕೊಳ್ಳುವ ಕಸ್ಟಡಿ. ನಮ್ಮ ಕಾಯ್ದೆಯಲ್ಲಿ ಇದಕ್ಕೆ ಪ್ರತ್ಯೇಕ ಸೆಕ್ಷನ್ ಇಲ್ಲ. ಆದರೂ 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಮಗು ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಇರಲಿ ಎಂದು ಆದೇಶಿಸಿತ್ತು. 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಇಂಥ ಹಂಚಿಕೆಗೆ ಕಾನೂನಿನಲ್ಲೇ ಜಾಗ ಮಾಡಿ ಎಂದಿತು. ನನ್ನ ಅಭಿಪ್ರಾಯ ಕೇಳಿದರೆ, ಇಬ್ಬರ ಮನೆಯೂ ಒಂದೇ ಊರಿನಲ್ಲಿದ್ದು, ಶಾಲೆಗೆ ಎರಡೂ ಕಡೆಯಿಂದ ಹೋಗಿಬರುವಂತಿದ್ದು, ಜ್ವರ ಬಂದರೆ ಒಬ್ಬರಿಗೊಬ್ಬರು ಫೋನ್ ಮಾಡುವಷ್ಟು ಸಲಿಗೆ ಉಳಿದಿದ್ದರೆ ಮಾತ್ರ ಇದು ನಡೆಯುತ್ತದೆ. ಹೊಡೆತ ಬಡಿತ ಇದ್ದ ಮನೆಗೆ ಬೇಡವೇ ಬೇಡ. ಅಂಥ ಕಡೆ ಕೋರ್ಟ್ ಆವರಣದಲ್ಲೇ ಭೇಟಿ ಇರಲಿ ಅಂತ ಕೇಳಿ.

ಯಾವುದನ್ನು ಆರಿಸಿದರೂ ವಿವರ ಬರೆಸಿ. ತಂಗಿಯ ಒಪ್ಪಂದದಲ್ಲಿ "ಶನಿವಾರ ಬೆಳಿಗ್ಗೆ 10ಕ್ಕೆ ಕರೆದೊಯ್ಯುವುದು, ಭಾನುವಾರ ಸಂಜೆ 6ಕ್ಕೆ ಬಿಡುವುದು" ಅಂತಿದೆ. ದಸರಾ ರಜೆ ಒಂದು ವರ್ಷ ಇಲ್ಲಿ, ಮುಂದಿನ ವರ್ಷ ಅಲ್ಲಿ. ಬೇಸಿಗೆ ರಜೆ ಅರ್ಧ ಅರ್ಧ. ಹುಟ್ಟುಹಬ್ಬದ ದಿನ ಇಬ್ಬರೂ ಎರಡೆರಡು ಗಂಟೆ. ಪಾಸ್‌ಪೋರ್ಟ್ ಯಾರ ಬಳಿ, ಶಾಲೆಯ ಪೇರೆಂಟ್ಸ್ ಮೀಟಿಂಗಿಗೆ ಯಾರು ಅನ್ನುವುದೂ ಇದೆ. "ಸಮಂಜಸವಾದ ಭೇಟಿ" ಅಂತಷ್ಟೇ ಬರೆದವರು ಪ್ರತಿ ಹಬ್ಬಕ್ಕೂ ಜಗಳ ಆಡುತ್ತಾರೆ. ಕಸ್ಟಡಿ ಆದೇಶ ಕಲ್ಲಿನ ಮೇಲೆ ಕೆತ್ತಿದ್ದೇನಲ್ಲ. ಮಗು ಬೆಳೆದ ಹಾಗೆ, ಪರಿಸ್ಥಿತಿ ಬದಲಾದ ಹಾಗೆ ಮತ್ತೆ ಅರ್ಜಿ ಹಾಕಿ ತಿದ್ದಿಸಬಹುದು. ಇವತ್ತು ಸಿಕ್ಕಿದ್ದೇ ಕೊನೆ ಅಂತ ಎದೆಗುಂದಬೇಡಿ.

ತಿಂಗಳಿಗಿಷ್ಟೋ, ಇಡುಗಂಟೋ

ಸಂಬಳದ ಮೂರನೇ ಒಂದು ಭಾಗ ಕೊಡಲೇಬೇಕು ಅಂತ ಯಾರೋ ಹೇಳಿರುತ್ತಾರೆ. ಕಾನೂನಿನಲ್ಲಿ ಅಂಥ ನಿಗದಿ ಸೂತ್ರ ಇಲ್ಲ. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ಒಂದು ಒಳ್ಳೆಯ ಕೆಲಸ ಆಗಿದೆ. ಈಗ ಇಬ್ಬರೂ ಆಸ್ತಿ, ಆದಾಯ, ಸಾಲ, ಖರ್ಚು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕು ಅಂತಲೂ ಅದೇ ತೀರ್ಪು ಹೇಳಿದೆ. ಹೀಗಾಗಿ ಅರ್ಜಿ ತಡಮಾಡಿದಷ್ಟೂ ನಿಮಗೇ ನಷ್ಟ.

ಆ ಪ್ರಮಾಣಪತ್ರ ತುಂಬುವ ರಾತ್ರಿ ನಾನೂ ತಂಗಿಯೂ ಅಡುಗೆಮನೆಯಲ್ಲಿ ಕೂತಿದ್ದೆವು. "ತಿಂಗಳಿಗೆ ಎಷ್ಟು ಬೇಕು" ಅಂದಾಗ ಅವಳು ಬಾಯಿಗೆ ಬಂದ ಒಂದು ರೌಂಡ್ ಸಂಖ್ಯೆ ಹೇಳಿದಳು. ನಾನು ಕ್ಯಾಲೆಂಡರ್ ಕೆಳಗಿಳಿಸಿದೆ. ಹಾಲಿನ ಲೆಕ್ಕ ಅದರ ಮೇಲೇ ಗುರುತು ಹಾಕಿತ್ತು. ಶಾಲೆಯ ವ್ಯಾನ್, ಗ್ಯಾಸ್, ಮಗುವಿನ ಇನ್‌ಹೇಲರ್, ವರ್ಷಕ್ಕೆ ಎರಡು ಜೊತೆ ಯೂನಿಫಾರ್ಮ್, ಭರತನಾಟ್ಯದ ಫೀಸು, ನೋಟ್‌ಬುಕ್ಕು. ಕೂಡಿಸಿದಾಗ ಅವಳು ಹೇಳಿದ್ದಕ್ಕಿಂತ ಬಹಳ ಜಾಸ್ತಿ ಬಂತು. ಬಿಲ್ಲುಗಳನ್ನು ಒಂದು ಟಿಫಿನ್ ಬ್ಯಾಗಿಗೆ ಹಾಕಿಟ್ಟೆವು. ಆ ಬ್ಯಾಗು ಮುಂದೆ ವಕೀಲರ ಮಾತಿಗಿಂತ ಜಾಸ್ತಿ ಕೆಲಸ ಮಾಡಿತು.

ತಿಂಗಳ ಜೀವನಾಂಶದ ಒಳ್ಳೆಯ ಗುಣ, ಬೆಲೆ ಏರಿದರೆ ಹೆಚ್ಚಿಸಲು ಕೇಳಬಹುದು. ಎದುರಿನವರಿಗೆ ಖಾಯಂ ಸಂಬಳ ಇದ್ದರೆ ಸಂಬಳದಿಂದಲೇ ಹಿಡಿಸುವ ದಾರಿಯೂ ಇದೆ. ಕೆಟ್ಟದ್ದು, ಪ್ರತಿ ತಿಂಗಳೂ ಆ ವ್ಯಕ್ತಿಯ ಕಡೆಗೆ ನೋಡುತ್ತಾ ಇರಬೇಕು. ವ್ಯಾಪಾರ, ಗುತ್ತಿಗೆ ಕೆಲಸ, ಆಗಾಗ ಕೆಲಸ ಬದಲಿಸುವವರಿಂದ ವಸೂಲಿ ಕಷ್ಟ. ಇಡುಗಂಟಾದರೆ ಒಮ್ಮೆಗೆ ಮುಗಿಯುತ್ತದೆ, ಸೈಟೋ ಮನೆಯೋ ಹೊಲಿಗೆ ಅಂಗಡಿಯೋ ಆಗಬಹುದು. ಆದರೆ ಮದುವೆ, ಮನೆ ಅಂತ ತವರಿನವರ ಅಗತ್ಯಕ್ಕೆ ಕರಗಿಯೂ ಹೋಗಬಹುದು. ಮರುಮದುವೆಯಾದರೆ ತಿಂಗಳ ಹಣ ನಿಲ್ಲುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಾನು ಸಾಮಾನ್ಯವಾಗಿ ಹೇಳುವುದು ಇಷ್ಟು: ನಿಮ್ಮ ಪಾಲಿಗೆ ಇಡುಗಂಟು ಇರಲಿ, ಮಗುವಿಗೆ ಬೇರೆಯಾಗಿ ತಿಂಗಳ ಹಣ ಅಥವಾ ಮಗುವಿನ ಹೆಸರಿನಲ್ಲಿ ಬ್ಯಾಂಕ್ ಠೇವಣಿ ಇರಲಿ. ಶಾಲೆ ಫೀಸನ್ನು ನೇರವಾಗಿ ಶಾಲೆಗೇ ಕಟ್ಟುವಂತೆ ಬರೆಸಿದರೆ ಅರ್ಧ ಜಗಳ ಕಡಿಮೆ. ಇಬ್ಬರಿಗೂ ಸಂಬಳ ಇದ್ದರೆ ಮಗುವಿನ ಖರ್ಚು ಇಬ್ಬರ ಮೇಲೂ ಬೀಳುತ್ತದೆ, ಸಂಬಳಕ್ಕೆ ತಕ್ಕ ಹಾಗೆ ಹಂಚಿಕೊಳ್ಳುವುದು ನ್ಯಾಯ.

ವಕೀಲರ ವಿಷಯ

ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. 15100ಕ್ಕೆ ಫೋನ್ ಮಾಡಿ ಅಥವಾ ಕೋರ್ಟ್ ಆವರಣದಲ್ಲೇ ಇರುವ ಕಚೇರಿಗೆ ಆಧಾರ್, ಮದುವೆಯ ಫೋಟೊ ಹಿಡಿದು ಹೋಗಿ. ಬೇಕಾದ ವಕೀಲರನ್ನೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಕಡಿಮೆ, ಇದೊಂದು ಮಿತಿ. ಖಾಸಗಿ ವಕೀಲರಾದರೆ ಮೊದಲೇ ಕೇಳಿ: ಪೂರ್ತಿ ಕೇಸಿಗೆ ಎಷ್ಟು, ಅಥವಾ ಪ್ರತಿ ವಾಯಿದೆಗೆ ಎಷ್ಟು? ಒಪ್ಪಿಗೆಯ ಅರ್ಜಿಗೆ ಪೂರ್ತಿ ಮೊತ್ತ ಮಾತಾಡುವುದೇ ಒಳ್ಳೆಯದು. ಎಳೆಯುವ ದಾವೆಗೆ ಹಂತ ಹಂತವಾಗಿ. ರಶೀದಿ ಕೇಳಿ, ಮೂಲ ದಾಖಲೆ ಕೊಡಬೇಡಿ. ನಿಮ್ಮ ಕೇಸನ್ನು ಗುರುತಿಸಲು ಕೊಡುವ ಸಿ.ಎನ್.ಆರ್. ನಂಬರ್ ಬರೆದುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ ಯಾವಾಗ ಅಂತ ನೀವೇ ನೋಡಬಹುದು.

ಹಾಗಾದರೆ ನೀವು?

ಮನೆಯಲ್ಲಿ ಭಯ ಇದೆ, ಕೈಯಲ್ಲಿ ಕಾಸಿಲ್ಲ: ಡಿ.ವಿ. ಅರ್ಜಿ, ಉಚಿತ ವಕೀಲರು, ಮಗುವಿನ ತಾತ್ಕಾಲಿಕ ಕಸ್ಟಡಿ. ವಿಚ್ಛೇದನ ಆರು ತಿಂಗಳಾದ ಮೇಲೆ ಯೋಚಿಸಿ. ಭಯ ಇಲ್ಲ, ಮಾತುಕತೆಯೂ ಇದೆ, ವರ್ಷದಿಂದ ಬೇರೆ ಇದ್ದೀರಿ: ಮಧ್ಯಸ್ಥಿಕೆಯಲ್ಲಿ ಕೂತು ಮಗುವಿನ ವೇಳಾಪಟ್ಟಿ ಮೊದಲು, ಹಣ ಆಮೇಲೆ ಬರೆದುಕೊಂಡು 13ಬಿ ಹಾಕಿ. ಎದುರಿನವರು ಯಾವುದಕ್ಕೂ ಬಗ್ಗುತ್ತಿಲ್ಲ, ನಿಮಗೆ ಸಂಬಳ ಇದೆ, ಸಾಕ್ಷ್ಯವೂ ಇದೆ: ಸೆಕ್ಷನ್ 13ರ ದಾವೆ ಹಾಕಿ, ಜೊತೆಗೇ ಮಧ್ಯಸ್ಥಿಕೆಗೆ ಬಾಗಿಲು ತೆರೆದಿಡಿ. ಮನಸ್ಸು ಗಟ್ಟಿಯಾಗಿಲ್ಲ, ಮಗುವಿನ ಫೀಸು ಮಾತ್ರ ಕಟ್ಟಬೇಕು: 144 ಸಾಕು. ಮಗುವನ್ನು ನೋಡಲು ಬಿಡುತ್ತಿಲ್ಲ ಅನ್ನುವ ಅಪ್ಪಂದಿರೇ, ವಿಚ್ಛೇದನದ ತೀರ್ಪಿಗೆ ಕಾಯಬೇಡಿ. ಭೇಟಿಗಾಗಿ ಮಧ್ಯಂತರ ಅರ್ಜಿ ಇವತ್ತೇ ಹಾಕಬಹುದು. ತಿಂಗಳ ಹಣ ನಿಲ್ಲಿಸಿ ಒತ್ತಡ ಹಾಕುವ ಯೋಚನೆ ಬಿಟ್ಟುಬಿಡಿ, ಅದು ಮಗುವಿನ ಊಟದ ಹಣ. ಅಮ್ಮಂದಿರಿಗೂ ಅದೇ ಮಾತು: ಹಣ ಬರಲಿಲ್ಲ ಅಂತ ಶನಿವಾರದ ಭೇಟಿ ತಪ್ಪಿಸಬೇಡಿ, ಬಾಕಿಗೆ ಅರ್ಜಿ ಹಾಕಿ.

ನೋಟಿಸ್ ಬಂದಿದ್ದರೆ ತೆಗೆದುಕೊಳ್ಳಿ. ಪೋಸ್ಟ್‌ಮ್ಯಾನ್‌ಗೆ "ಮನೇಲಿಲ್ಲ" ಅಂತ ಹೇಳಿಸಿದರೆ ಕೇಸ್ ನಿಲ್ಲುವುದಿಲ್ಲ, ನೀವಿಲ್ಲದೆ ಏಕಪಕ್ಷೀಯವಾಗಿ ತೀರ್ಮಾನ ಆಗುತ್ತದೆ ಅಷ್ಟೇ. ಅದರಲ್ಲಿರುವ ದಿನಾಂಕಕ್ಕೆ ಬೆಳಿಗ್ಗೆ ಹತ್ತೂವರೆಗೇ ಹೋಗಿ ಕೋರ್ಟ್ ಹಾಲ್ ಹೊರಗೆ ಅಂಟಿಸಿರುವ ಪಟ್ಟಿಯಲ್ಲಿ ನಿಮ್ಮ ಎಂ.ಸಿ. (ವೈವಾಹಿಕ ಪ್ರಕರಣ) ನಂಬರ್ ಹುಡುಕಿ. ಹೆಸರು ಕೂಗುವಾಗ ಕ್ಯಾಂಟೀನಿನಲ್ಲಿ ಇರಬೇಡಿ. ಜೊತೆಗೆ ಒಬ್ಬರೇ ಒಬ್ಬರು ಬರಲಿ, ಸಮಾಧಾನದ ಸ್ವಭಾವದವರು. ಇಡೀ ಬಳಗವನ್ನು ಕರೆತಂದರೆ ಕಾರಿಡಾರಿನಲ್ಲೇ ಇನ್ನೊಂದು ಜಗಳ ಹತ್ತಿಕೊಳ್ಳುತ್ತದೆ. ಕೋರ್ಟ್ ಕರೆತರಲು ಹೇಳಿಲ್ಲವಾದರೆ ಮಗುವನ್ನು ಅವತ್ತು ಶಾಲೆಗೆ ಕಳಿಸಿ.